ಆಚೆ ದಡದ ಮತಗಳು

ಅಣ್ಣ ಅರ್ಮಾಂಡ್ ಒಡೆಟ್ ಜೊತೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಹಾಗಾಗಿ ಮತದಾನದ ದಿನ ಬೆಳಗ್ಗೆ, ಕಾಫಿಗೆ ಹಾಲು ಬೆರೆಸುತ್ತಿದ್ದಾಗ, ಫೋನಿನಲ್ಲಿ ಅವನ ದನಿ ಕೇಳಿ ಅವಳು ಚಮಚ ಕೆಳಗಿಟ್ಟುಬಿಟ್ಟಳು.

"ಸೇತುವೆ ಹತ್ರ ದೊಡ್ಡ ಪೈಪು ಒಡೆದಿದೆ," ಅಂದ.

"ನಿಂಗೇನೂ ಆಗಿಲ್ವಲ್ಲ?"

"ನನ್ನ ವಿಷ್ಯ ಬಿಡು. ನೀನು ಮೇಯರ್ ಅಂತ ಫೋನ್ ಮಾಡಿದೀನಿ, ತಂಗಿ ಅಂತಲ್ಲ." ಅಷ್ಟು ಹೇಳಿ ಇಟ್ಟುಬಿಟ್ಟ.

ಕೆಂಡ್ರಿಕ್ ಫಾಲ್ಸ್ ನ್ಯೂಯಾರ್ಕ್ ರಾಜ್ಯದ ಉತ್ತರ ಅಂಚಿನಲ್ಲಿ, ಕೆನಡಾಕ್ಕೆ ಹತ್ತಿರದಲ್ಲಿ ಇರುವ ಸಣ್ಣ ಊರು. ಕಾಗದದ ಕಾರ್ಖಾನೆ ನಡೆಯುತ್ತಿದ್ದಷ್ಟು ದಿನ ಊರಿನ ಕಂದಾಯದ ಅರ್ಧ ಭಾರವನ್ನು ಅದೇ ಹೊರುತ್ತಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಆ ಭಾರ ಮನೆಗಳ ಮೇಲೆ ಬಿತ್ತು. ಊರಿಗೊಂದು ಮಂಡಳಿ, ಊರನ್ನೂ ಅದರ ಸುತ್ತಲಿನ ಹಳ್ಳಿಗಾಡನ್ನೂ ಒಳಗೊಂಡ 'ಟೌನ್' ಎಂಬ ದೊಡ್ಡ ಆಡಳಿತಕ್ಕೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಚೇರಿ, ಬೇರೆ ಬೇರೆ ಗ್ಯಾರೇಜು. ಹಿಮ ಬಿದ್ದ ದಿನ ಟೌನಿನ ಲಾರಿ ಊರ ಗಡಿಯವರೆಗೆ ಹಿಮ ತಳ್ಳಿಕೊಂಡು ಬಂದು, ಗಡಿಯಲ್ಲಿ ಹಲಗೆ ಮೇಲೆತ್ತಿ ಹಿಂದೆ ತಿರುಗುತ್ತಿತ್ತು. ಅಲ್ಲಿಂದ ಮುಂದೆ ಊರಿನ ಲಾರಿ. ಎರಡೂ ಮಂಡಳಿಗೆ ಕಂದಾಯ ಕಟ್ಟುವವರು ಮಾತ್ರ ಊರೊಳಗಿನವರು.

ಒಡೆಟ್ ಲಾಫೌಂಟನ್ ಶಾಲೆಯ ಬಸ್ಸು ಓಡಿಸುವವಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ಸ್ಟಿಯರಿಂಗು ಹಿಡಿದಿದ್ದಳು. ಊರೊಳಗಿನ ನಿಲ್ದಾಣಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತ, ಗಡಿಯಾಚೆಯ ನಿಲ್ದಾಣಗಳು ತುಂಬುತ್ತ ಹೋದದ್ದನ್ನು ಕಣ್ಣಾರೆ ಕಂಡವಳು. ಕೊನೆಗೆ ಅವಳ ಮಗಳು ಅಳಿಯನೇ ಊರ ಬೋರ್ಡಿನಾಚೆ ಕೂಗಳತೆಯಲ್ಲೇ ಮನೆ ಕಟ್ಟಿಕೊಂಡರು. "ಅಮ್ಮಾ, ಅಲ್ಲಿ ಕಂದಾಯ ಅರ್ಧಕ್ಕರ್ಧ ಕಡಿಮೆ. ನಾವೇನು ಹುಚ್ಚರಾ ಒಳಗೇ ಇರೋಕೆ?" ಅಂದಳು ಮಗಳು. ಅದೇ ವರ್ಷ ಒಡೆಟ್ ಮೇಯರ್ ಚುನಾವಣೆಗೆ ನಿಂತು ಗೆದ್ದಳು. ಎರಡು ವರ್ಷ ಅಲ್ಲಿ ಕತ್ತರಿಸಿ, ಇಲ್ಲಿ ಉಳಿಸಿ ನೋಡಿದಳು. ಆಗಲಿಲ್ಲ. ಕಡೆಗೆ ಯಾರೂ ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಸಭೆಯಲ್ಲಿ ಹೇಳಿದಳು: ಊರ ಮಂಡಳಿಯನ್ನೇ ಮುಚ್ಚಿಬಿಡೋಣ, ಎಲ್ಲ ಟೌನಿಗೆ ಸೇರಲಿ.

ಅದನ್ನು ಊರವರ ಮತಕ್ಕೆ ಹಾಕುವುದೆಂದಾಯಿತು. ಊರು ಎರಡಾಯಿತು. ಅವಳ ಅಂಚೆಪೆಟ್ಟಿಗೆಯಲ್ಲಿ ಯಾರೋ ಸತ್ತ ಮೀನು ತುರುಕಿ ಹೋದರು. ಚರ್ಚಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಬಿದ್ದಿತು. ಅರ್ಮಾಂಡ್ ಊರಿನ ನೀರು, ರಸ್ತೆ ನೋಡಿಕೊಳ್ಳುವ ಮೇಸ್ತ್ರಿ. ಮಂಡಳಿ ಮುಚ್ಚಿದರೆ ಅವನ ಹುದ್ದೆಯೂ ಹೋಗುತ್ತಿತ್ತು. ಆ ಸಭೆಯಿಂದ ಎದ್ದು ಹೋದವನು ಮತ್ತೆ ಅವಳ ಮುಖ ನೋಡಿರಲಿಲ್ಲ.

ಒಡೆಟ್ ಸೇತುವೆ ಹತ್ತಿರ ಕಾರಿಳಿದಾಗ ಉಸಿರು ಮೂಗಿನಲ್ಲೇ ಹೆಪ್ಪುಗಟ್ಟುವಂಥ ಚಳಿ. ಇಳಿಜಾರು ರಸ್ತೆಯ ನಡುವೆ ನೆಲ ಬಾಯಿಬಿಟ್ಟು ನೀರು ಬುಗ್ಗೆಯಂತೆ ಉಕ್ಕುತ್ತಿತ್ತು. ಉಕ್ಕಿದ ನೀರು ಸೇತುವೆಯತ್ತ ಹರಿದು, ಹರಿಯುತ್ತಲೇ ಗಾಜಿನಂತೆ ಗಟ್ಟಿಯಾಗುತ್ತಿತ್ತು. ಪೊಲೀಸಿನವನು ರಸ್ತೆಗೆ ಅಡ್ಡಗಟ್ಟೆ ಇಟ್ಟು, ದಾಟಲು ಹೋಗಿ ಜಾರಿಬಿದ್ದ ಒಬ್ಬ ಹೆಂಗಸನ್ನು ಕಂಬಳಿ ಹೊದಿಸಿ ಕೂರಿಸಿದ್ದ.

ಅರ್ಮಾಂಡ್ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಮೀಸೆಯ ಮೇಲೆ ಮಂಜುಗಡ್ಡೆ.

"ಎಷ್ಟು ಹೊತ್ತು ಹಿಡಿಯುತ್ತೆ?" ಕೇಳಿದಳು.

"ಯಾವುದ್ರಿಂದ ಅಗೀಲಿ? ಕೈಯಿಂದಲಾ?" ಅವನು ಗುದ್ದಲಿಯನ್ನು ಮಂಜುಗಡ್ಡೆಗೆ ಕುಕ್ಕಿದ. "ನಮ್ಮ ಅಗೆಯೋ ಯಂತ್ರ ಗ್ಯಾರೇಜಲ್ಲಿ ಸತ್ತು ಬಿದ್ದಿದೆ. ಹೊಸದು ತಗೊಳ್ಳೋಣ ಅಂತ ಬಾಯಿ ಹರ್ಕೊಂಡೆ. ಬೇಡ ಅಂತ ಕೈ ಎತ್ತಿದ್ದು ಯಾರು?"

ಕೈ ಎತ್ತಿದ್ದು ಅವಳೇ. ಕಂದಾಯ ಏರಬಾರದು ಅಂತ.

"ಈಗ ಅದನ್ನ ಹೇಳಿ ಏನು ಪ್ರಯೋಜನ ಅರ್ಮಾಂಡ್?"

"ಪ್ರಯೋಜನಕ್ಕೆ ಹೇಳಿದ್ದಲ್ಲ. ನೆನಪಿರಲಿ ಅಂತ ಹೇಳಿದ್ದು. ಟೌನಿನವರ ಯಂತ್ರ ತರಿಸು. ಇಲ್ದಿದ್ರೆ ನಾಳೆವರೆಗೂ ಈ ರಸ್ತೆ ಮೇಲೆ ನಾಯೀನೂ ದಾಟಲ್ಲ."

ಅವನು ಸೇತುವೆಯಾಚೆ ನೋಡಿದ. ಒಡೆಟ್ ಕೂಡ ನೋಡಿದಳು. ಆಚೆ ದಡದಲ್ಲಿ ಕಾರ್ಖಾನೆಯ ಹಳೆಯ ಕೆಲಸಗಾರರ ಸಾಲುಮನೆಗಳು. ಊರಿನ ಮೂರರಲ್ಲೊಂದು ಪಾಲು ಜನ ಅಲ್ಲಿದ್ದರು, ಅವರಲ್ಲಿ ಹತ್ತಕ್ಕೆ ಎಂಟು ಜನ ಮಂಡಳಿ ಮುಚ್ಚುವುದು ಬೇಡ ಅನ್ನುವವರು. ಕಿಟಕಿ ಕಿಟಕಿಗೂ 'ನಮ್ಮೂರು ನಮಗಿರಲಿ' ಅನ್ನುವ ಹಲಗೆ. ಮತಗಟ್ಟೆ ಮಾತ್ರ ಈಚೆ ದಡದ ಅಗ್ನಿಶಾಮಕ ಠಾಣೆಯಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತೆರೆದರೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಿತ್ತು. ಮುಂದಿನ ಸೇತುವೆಯಿಂದ ಸುತ್ತಿ ಬರಬಹುದಿತ್ತು, ಆದರೆ ನದಿಯಂಚಿನ ಆ ಹಾದಿ ದೂರ. ಆಚೆ ದಡದಲ್ಲಿ ಕಾರಿದ್ದವರೇ ಕಡಿಮೆ, ಇದ್ದ ಕಾರಿಗೂ ಸವೆದ ಟೈರು.

ಅಡ್ಡಗಟ್ಟೆಯ ಬಳಿ ದೊಡ್ಡ ಕಪ್ಪು ಕಾರೊಂದು ಬಂದು ನಿಂತಿತು. ಗಾಜಿಳಿಸಿ ವಾರೆನ್ ಟ್ರಾಸ್ಕ್ ಕೈ ಬೀಸಿ ಕರೆದ. ಟ್ರಾಸ್ಕ್ ಮಂಡಳಿಯ ಸದಸ್ಯ. ಆಚೆ ದಡದ ಸಾಲುಮನೆಗಳಲ್ಲಿ ಅರ್ಧ ಅವನವು, ಬಾಡಿಗೆಗೆ ಕೊಟ್ಟಿದ್ದ. ಮಂಡಳಿ ಮುಚ್ಚುವ ಪ್ರಚಾರಕ್ಕೆ ಹಲಗೆ, ಕರಪತ್ರ, ವಕೀಲರು, ಎಲ್ಲಕ್ಕೂ ಓಡಾಡಿದವನು ಅವನೇ.

"ಒಳಗೆ ಬಾ, ಹೀಟರ್ ಹಾಕಿದೀನಿ," ಅಂದ. ಅವಳು ಕೂತು ಬಾಗಿಲು ಹಾಕಿಕೊಂಡಳು. ಅವನು ಮುಂದಿನ ಗಾಜಿನಾಚೆ ಉಕ್ಕುವ ನೀರಿನತ್ತ ಕೈ ತೋರಿಸಿದ.

"ನೋಡು ಒಡೆಟ್, ಯಾರೂ ಬೇಕಂತ ಒಡೆದಿದ್ದಲ್ಲ ಇದು."

"ಅಲ್ಲ."

"ನಿನ್ನಣ್ಣ ಪಾಪ, ಅವಸರದಲ್ಲಿ ಏನಾದ್ರೂ ಮಾಡ್ಕೊಂಡಾನು. ಜಾರಿಕೆ ಬೇರೆ. ಆರಾಮಾಗಿ ಮಾಡ್ಲಿ. ನಾಳೆ ಬೆಳಗ್ಗೆ ಹೊತ್ತಿಗೆ ಆದ್ರೆ ಸಾಕಲ್ವಾ?"

ಅವಳು ಅವನ ಕಡೆ ತಿರುಗಿ ನೋಡಿದಳು.

"ನಾನೇನೂ ಹೇಳ್ತಿಲ್ಲ," ಅಂದ ಟ್ರಾಸ್ಕ್. "ಅವಸರ ಬೇಡ ಅಂತಿದೀನಿ ಅಷ್ಟೇ."

"ಮತದಾನ ಮುಂದಕ್ಕೆ ಹಾಕೋಕಾಗಲ್ವಾ?"

"ವಕೀಲರನ್ನ ಕೇಳಿದೆ. ಮಂಡಳಿ ಕೈಲಿ ಇಲ್ಲ, ಕೋರ್ಟೇ ಹೇಳ್ಬೇಕಂತೆ. ಕೋರ್ಟಿಗೆ ಹೋಗೋಷ್ಟರಲ್ಲಿ ಕತ್ತಲಾಗುತ್ತೆ. ದೇವರು ಒಂದ್ಸಲ ನಮ್ಮ ಕಡೆ ನೋಡಿದಾನೆ, ಬಿಡು."

ಕಾರಿನ ಬಿಸಿಗೆ ಒಡೆಟ್‌ಳ ಬೆರಳುಗಳು ಜುಮುಗುಟ್ಟುತ್ತ ಜೀವ ಹಿಡಿದವು. ಅವನು ಹೇಳಿದ ಮಾತು ಅವಳಿಗೆ ಹಿತವಾಯಿತು. ಸುಳ್ಳು ಹೇಳಿ ಏನು? ಎಂಟು ತಿಂಗಳು ಬೈಸಿಕೊಂಡದ್ದು, ಅಣ್ಣನನ್ನು ಕಳೆದುಕೊಂಡದ್ದು, ಎಲ್ಲ ಈ ಒಂದು ದಿನಕ್ಕಾಗಿ. ಸುಮ್ಮನೆ ಕೂತರೆ ಸಾಕು, ಗೆದ್ದುಬಿಡುತ್ತಾಳೆ. ಯಾರೂ ಅವಳ ಕಡೆ ಬೆರಳು ತೋರಿಸುವಂತಿಲ್ಲ. ಪೈಪು ಒಡೆಯಿತು, ಯಂತ್ರ ಇರಲಿಲ್ಲ, ಅಷ್ಟೇ. ಅಷ್ಟು ಸಲೀಸಾಗಿ ಅವಳ ಮನಸ್ಸು ಮಾತು ಜೋಡಿಸಿಕೊಂಡದ್ದು ಕಂಡು ಅವಳಿಗೇ ಹೆದರಿಕೆಯಾಯಿತು.

"ನಾನು ಇಳೀತೀನಿ," ಅಂದಳು.

"ಎಲ್ಲಿಗೆ?"

"ಟೌನಿನ ಗ್ಯಾರೇಜಿಗೆ."

ಟೌನಿನ ರಸ್ತೆ ಅಧಿಕಾರಿ ಬ್ರೆಂಡನ್ ಕಾಸ್‌ಗ್ರೋವ್ ಗ್ಯಾರೇಜಿನ ಒಲೆಯ ಮುಂದೆ ಸ್ಯಾಂಡ್‌ವಿಚ್ ತಿನ್ನುತ್ತ ಕೂತಿದ್ದ. ಅವನ ಬೆನ್ನಹಿಂದೆ ಹಳದಿ ಬಣ್ಣದ ಅಗೆಯುವ ಯಂತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

"ಕೇಳಿದೆ, ಪೈಪು ಒಡೀತಂತೆ," ಅಂದ, ಎದ್ದೇಳದೆ. "ಬೇಜಾರಿನ ವಿಷ್ಯ."

"ನಿಮ್ಮ ಯಂತ್ರ ಬೇಕು ಬ್ರೆಂಡನ್. ಈಗಲೇ."

"ಕೊಡೋಕೆ ನಂದಾ ಅದು? ಗಡಿ ದಾಟಿದ್ರೆ ವಿಮೆ ಇಲ್ಲ. ಒಪ್ಪಂದ ಬೇಕು, ಟೌನಿನ ಮಂಡಳಿ ಕೂರ್ಬೇಕು. ಅಧ್ಯಕ್ಷರು ಫ್ಲಾರಿಡಾದಲ್ಲಿ ಬಿಸಿಲು ಕಾಯಿಸ್ಕೊಳ್ತಾ ಇದಾರೆ."

"ಫೋನ್ ಮಾಡಿ."

"ಎತ್ತಲ್ಲ."

"ನೀವು ಮಾಡಿಲ್ಲ."

ಕಾಸ್‌ಗ್ರೋವ್ ಅಗಿಯುವುದು ನಿಲ್ಲಿಸಿ ಅವಳನ್ನು ನೋಡಿದ. "ಇವತ್ತು ನೀವು ಗೆದ್ರೆ ಆ ಪೈಪೆಲ್ಲ ನನ್ನ ತಲೆಗೇ ತಾನೇ ಬರೋದು? ಊರಿಗೂರೇ ಕೊಳೆತ ಪೈಪು. ನಮ್ಮ ಟೌನಿನವರು ನಿಮ್ಮನ್ನ ತಬ್ಕೊಳ್ಳೋಕೆ ಕಾಯ್ತಿದಾರೆ ಅಂದ್ಕೊಂಡ್ರಾ ಮೇಯರಮ್ಮ? ಅದೂ ಅಲ್ದೆ, ಇವತ್ತು ರಸ್ತೆ ಮುಚ್ಚಿದ್ರೆ ಲಾಭ ನಿಮಗೇ. ನೀವ್ಯಾಕೆ ಇಲ್ಲಿ ಬಂದು ನಿಂತಿದೀರ?"

"ಅಲ್ಲಿ ನಮ್ಮಣ್ಣ ನೀರಲ್ಲಿ ನಿಂತಿದಾನೆ," ಅಂದಳು. "ನೀವು ಕೊಡ್ದಿದ್ರೆ ಅವನು ಗುದ್ದಲೀಲೇ ಅಗೀತಾನೆ. ಅವನು ಎಂಥವನು ಅಂತ ನಿಮಗೆ ಗೊತ್ತು."

ಗೊತ್ತಿತ್ತು. ಇಬ್ಬರೂ ಒಂದೇ ಹಾಕಿ ತಂಡದಲ್ಲಿ ಆಡಿ ಬೆಳೆದವರು; ಗಡಿಯ ಈಚೆ ಆಚೆ ಕೆಲಸಕ್ಕೆ ಸೇರಿದ ಮೇಲೆ ಹಾವು ಮುಂಗುಸಿ. ಕಾಸ್‌ಗ್ರೋವ್ ಗೊಣಗುತ್ತ ಎದ್ದು, ಗೋಡೆಯ ಮೊಳೆಯಿಂದ ಕೀಲಿ ತೆಗೆದು ಮೇಜಿನ ಮೇಲೆ ಒಗೆದ.

"ನಮ್ಮವರು ಯಾರೂ ಬರಲ್ಲ. ಬಂದು ತಗೊಂಡು ಹೋಗೋಕೆ ಅವನಿಗೇ ಹೇಳಿ. ಮೂತಿ ತಿರುಗಿಸ್ಕೊಂಡು ಬಂದ್ರೂ ಪರವಾಗಿಲ್ಲ, ಬರಲಿ. ಯಾರಾದ್ರೂ ಕೇಳಿದ್ರೆ ನಾನು ಊಟಕ್ಕೆ ಹೋಗಿದ್ದೆ."

ಯಂತ್ರ ಬಂತು. ಆದರೂ ಅರ್ಮಾಂಡ್ ತಲೆಯಾಡಿಸಿದ. "ಪೈಪು ಸಾಯಂಕಾಲಕ್ಕೆ ಆಗ್ಬಹುದು. ಈ ಮಂಜುಗಡ್ಡೆ ಒಡೆಯೋದು ನಾಳೇನೇ. ಜನ ದಾಟೋ ಮಾತು ಮರೆತುಬಿಡು."

ಆಗಲೇ ಅವಳಿಗೆ ಬಸ್ಸಿನ ಯೋಚನೆ ಬಂದದ್ದು. ಶಾಲೆಗೆ ಚಳಿಗಾಲದ ರಜೆ. ಬಸ್ಸುಗಳೆಲ್ಲ ಸುಮ್ಮನೆ ನಿಂತಿದ್ದವು. ಶಾಲೆಯ ಮೇಲ್ವಿಚಾರಕರಿಗೆ ಫೋನ್ ಮಾಡಿದಳು.

"ನಿಮ್ಮೂರ ರಾಜಕೀಯಕ್ಕೆ ಮಕ್ಕಳ ಬಸ್ಸಾ?" ಅವರ ದನಿ ಸಿಡಿಯಿತು. "ನಾಳೆ ಸೋತವರು ನನ್ನ ಮೇಲೆ ಕೇಸು ಹಾಕ್ತಾರೆ."

"ಆಚೆ ದಡದವರು ನನ್ನ ವಿರುದ್ಧ ಮತ ಹಾಕೋವ್ರು ಸರ್. ಅವರನ್ನ ಕರ್ಕೊಂಡು ಬರೋಕೆ ನಾನೇ ಕೇಳ್ತಿದೀನಿ. ಕೇಸು ಯಾರು ಹಾಕ್ತಾರೆ?"

ಆ ಕಡೆ ಪೆನ್ನು ಮೇಜಿಗೆ ಕುಟ್ಟುವ ಸದ್ದು ಕೇಳಿಸಿತು. ಆಮೇಲೆ ಅವರು, "ಯಾರು ಕೈ ತೋರಿಸಿದ್ರೂ ಹತ್ತಿಸ್ಕೋಬೇಕು," ಅಂದರು. "ಮತ್ತೆ ಇನ್ನೊಂದು. ಬಸ್ಸೊಳಗೆ ಮತದ ವಿಷಯ ನಿಮ್ಮ ಬಾಯಿಂದ ಒಂದಕ್ಷರ ಬರಬಾರದು. ಅವರು ಏನಾದ್ರೂ ಅನ್ಲಿ, ನೀವು ಡ್ರೈವರ್ ಅಷ್ಟೇ."

ಶಾಲೆಯ ಅಂಗಳದಲ್ಲಿ ಬಸ್ಸಿನ ಎಂಜಿನ್ ಬಿಸಿಯಾಗುತ್ತಿದ್ದಾಗ ಟ್ರಾಸ್ಕ್ ಮತ್ತೆ ಬಂದ. ಈ ಸಲ ದನಿಯಲ್ಲಿ ನಯವಿರಲಿಲ್ಲ.

"ತಲೆ ಕೆಟ್ಟಿದೆಯಾ ನಿಂಗೆ? ಯಂತ್ರ ಕೊಡಿಸಿದೆ, ಸರಿ. ರಸ್ತೆ ಮುಚ್ಚಿದ್ದು ನೀನಲ್ಲ. ಅವರನ್ನ ಹೊತ್ತು ತರೋದು ಯಾರು ಹೇಳಿದ ಕೆಲಸ?"

"ಯಾರೂ ಹೇಳಿಲ್ಲ."

"ಎರಡು ವರ್ಷ ನಿನ್ನ ಹಿಂದೆ ನಿಂತೆ. ಇವತ್ತು ಸೋತ್ರೆ ಈ ಊರಲ್ಲಿ ನಿನ್ನ ಪಕ್ಕ ನಿಲ್ಲೋಕೆ ಒಂದು ನರಪಿಳ್ಳೆ ಇರಲ್ಲ. ಅವರು ನಿನಗೆ ಉಗೀತಾರೆ, ನಾವೂ ಉಗೀತೀವಿ."

"ದಾರಿ ಬಿಡಿ ವಾರೆನ್," ಅಂದಳು ಒಡೆಟ್. ಅವನು ಬಿಡಲಿಲ್ಲ. ಅವಳು ಗೇರು ಹಾಕಿ, ಹಾರನ್ನು ಒತ್ತಿಹಿಡಿದು, ಬಸ್ಸನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟಳು. ಕೊನೇ ಗಳಿಗೆಯಲ್ಲಿ ಅವನು ಪಕ್ಕಕ್ಕೆ ಸರಿದ.

ಮುಂದಿನ ಸೇತುವೆ ಸುತ್ತಿ ಹೋದಾಗ, ಆಚೆ ದಡದ ಹಳೆಯ ಹೆಂಡದಂಗಡಿಯ ಮುಂದೆ ಆಗಲೇ ಗುಂಪು ಸೇರಿತ್ತು. ಸೇತುವೆಯ ಸುದ್ದಿ ಮುಟ್ಟಿ ಜನ ಕೆಂಡವಾಗಿದ್ದರು. ಹಳದಿ ಬಸ್ಸು ಬಂದು ನಿಂತು, ಬಾಗಿಲು ಮಡಿಚಿಕೊಂಡು, ಒಳಗೆ ಕೂತವಳು ಯಾರೆಂದು ಕಂಡ ಕೂಡಲೇ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

"ಮತಗಟ್ಟೆಗೆ," ಅಂದಳು ಒಡೆಟ್. "ಹೋಗೋದು, ವಾಪಸ್ ಬರೋದು, ಎರಡೂ."

ಮೊದಲು ಮುಂದೆ ಬಂದವಳು ಬರ್ನಿಸ್ ಕೊವಾಲ್‌ಚಿಕ್. ಗಂಡ ಕಾರ್ಖಾನೆಯಲ್ಲಿದ್ದು ತೀರಿಕೊಂಡವನು. ಅವಳು ಟ್ರಾಸ್ಕನ ಮನೆಯೊಂದರಲ್ಲಿ ಬಾಡಿಗೆಗಿದ್ದಳು. ಊರಿನಲ್ಲಿ ಅವಳ ನಾಲಿಗೆಗೆ ಹೆದರದವರಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ಎಲ್ಲಿಗೆ ಕರ್ಕೊಂಡು ಹೋಗಿ ಇಳಿಸ್ತೀಯೇ? ಕಾಡಿನ ಮಧ್ಯಕ್ಕಾ? ಒಂಬತ್ತು ಗಂಟೆ ಆದ್ಮೇಲೆ ಎತ್ಕೊಂಡು ಬರ್ತೀಯಾ?"

"ಅಗ್ನಿಶಾಮಕ ಠಾಣೆಗೆ, ಬರ್ನಿಸ್. ಹತ್ತು, ಚಳಿ ಒಳಗೆ ಬರ್ತಿದೆ."

"ನೋಡ್ರಪ್ಪಾ, ಕೋಳಿಗಳನ್ನ ಕೂರಿಸ್ಕೊಂಡು ಹೋಗೋಕೆ ನರೀನೇ ಗಾಡಿ ತಂದಿದೆ!" ಗುಂಪು ನಕ್ಕಿತು. ಆದರೆ ಬರ್ನಿಸ್ ಹತ್ತಿದಳು. ಅವಳು ಹತ್ತಿದ್ದರಿಂದ ಉಳಿದವರೂ ಹತ್ತಿದರು. ಒಡೆಟ್‌ಳ ಹಿಂದಿನ ಸೀಟಿನಲ್ಲೇ ಅವಳು ಜಮಾಯಿಸಿ ಕೂತಳು, ಬಸ್ಸು ಅವಳದೇ ಅನ್ನುವ ಹಾಗೆ.

ದಾರಿಯುದ್ದಕ್ಕೂ ಬಾಯಿಗೆ ಬಂದದ್ದೆಲ್ಲ ಬಂತು. "ನಮ್ಮೂರ ಹೆಸರು ಅಳಿಸಿ ಏನಂತ ಇಡ್ತೀರಿ ಮೇಯರಮ್ಮ, ಟ್ರಾಸ್ಕ್‌ಪುರ ಅಂತಲಾ?" ಎಂದು ಒಬ್ಬ. "ಅಣ್ಣನ ಹೊಟ್ಟೆ ಮೇಲೆ ಹೊಡೆದವಳು, ನಾವ್ಯಾವ ಲೆಕ್ಕ?" ಎಂದು ಇನ್ನೊಬ್ಬ. ಅರ್ಮಾಂಡ್ ಮಾತು ಬಂದಾಗ ಒಡೆಟ್‌ಳ ಕಿವಿ ಬಿಸಿಯಾಯಿತು. ಉತ್ತರ ನಾಲಿಗೆ ತುದಿಗೆ ಬಂತು. ಅವಳು ಅದನ್ನು ನುಂಗಿ ವೈಪರ್ ಹಾಕಿದಳು.

"ಯಾಕೆ ಬಾಯಿ ಬಿಡ್ತಿಲ್ಲ? ಸಭೆಯಲ್ಲಿ ಚೆನ್ನಾಗೇ ಭಾಷಣ ಬಿಗೀತಿದ್ದೆ," ಬರ್ನಿಸ್ ಕೆಣಕಿದಳು.

"ಡ್ರೈವರ್ ಜೊತೆ ಮಾತಾಡಬಾರದು ಅಂತ ಮೇಲೆ ಬರೆದಿದೆ ನೋಡು."

"ಅಯ್ಯೋ, ನನ್ನ ಕನ್ನಡಕ ಮನೇಲಿದೆ!"

ಬಸ್ಸೆಲ್ಲ ನಕ್ಕಿತು. ಆ ನಗುವಿನ ನಡುವೆಯೇ ನದಿಯಂಚಿನ ದೊಡ್ಡ ತಿರುವು ಬಂತು. ಅಲ್ಲಿ ಹಿಮದ ಕೆಳಗೆ ಮಂಜುಗಡ್ಡೆ ಇದ್ದದ್ದು ಕಾಣುತ್ತಿರಲಿಲ್ಲ. ಹಿಂದಿನ ಚಕ್ರ ಹಿಡಿತ ಬಿಟ್ಟಿತು. ಬಸ್ಸಿನ ಬಾಲ ನದಿಯ ಕಡೆಗೆ ನಿಧಾನವಾಗಿ, ಭಯಂಕರ ನಿಧಾನವಾಗಿ, ತಿರುಗತೊಡಗಿತು. ಕಿಟಕಿಯ ಆ ಬದಿ ಕೂತವರಿಗೆ ಕೆಳಗೆ ಕಪ್ಪು ನೀರು ಕಂಡಿತು. ಯಾರೋ ಕಿರುಚಿದರು. ಒಡೆಟ್ ಬ್ರೇಕಿನ ಮೇಲಿನ ಕಾಲನ್ನು ಎತ್ತಿಬಿಟ್ಟಳು. ಮೈಯ ಕಣಕಣವೂ ಒತ್ತು ಒತ್ತು ಅನ್ನುತ್ತಿದ್ದರೂ ಒತ್ತಲಿಲ್ಲ. ಬಾಲ ಹೋದತ್ತಲೇ ಸ್ಟಿಯರಿಂಗು ತಿರುಗಿಸಿ, ಉಸಿರು ಬಿಗಿಹಿಡಿದಳು. ರಸ್ತೆಯಂಚಿನ ಹಿಮದ ದಿಬ್ಬಕ್ಕೆ ಹಿಂದಿನ ಚಕ್ರ ಧೊಪ್ಪೆಂದು ತಗುಲಿ ನಿಂತಿತು. ಎಂಜಿನ್ ಮಾತ್ರ ಗುರುಗುಟ್ಟುತ್ತಿತ್ತು.

ಬರ್ನಿಸಳ ಕೈ ಒಡೆಟ್‌ಳ ಭುಜವನ್ನು ಯಾವಾಗಲೋ ಹಿಡಿದಿತ್ತು. ಉಗುರು ಕೋಟಿನೊಳಗೂ ನಾಟುತ್ತಿತ್ತು.

"ಎಲ್ರೂ ಇದೀರಾ?" ಕೇಳಿದಳು ಒಡೆಟ್.

"ಇದೀವಿ," ಅಂದಳು ಬರ್ನಿಸ್. ಕೈ ಹಿಂದಕ್ಕೆ ತೆಗೆದುಕೊಂಡಳು. "ಹೋಗು. ಮೆಲ್ಲಗೆ ಹೋಗು."

ಅಲ್ಲಿಂದ ಮತಗಟ್ಟೆಯವರೆಗೆ ಯಾರೂ ಅವಳನ್ನು ಬೈಯಲಿಲ್ಲ. ಇಳಿಯುವಾಗ ಬೈಗುಳ ಮತ್ತೆ ಶುರುವಾಯಿತು, ಆದರೆ ಸ್ವಲ್ಪ ತಗ್ಗಿದ ದನಿಯಲ್ಲಿ.

ಅವರನ್ನೆಲ್ಲ ವಾಪಸು ಬಿಟ್ಟು ಬರುವಷ್ಟರಲ್ಲಿ ಹಿಮ ಬೀಳತೊಡಗಿತ್ತು. ಕೆಲಸ ಮುಗಿಸಿ ಬಂದವರಿಗಾಗಿ ಸಂಜೆ ಮತ್ತೊಂದು ಸುತ್ತು ಹೋಗಬೇಕಿತ್ತು. ಇಷ್ಟು ಮಾಡಿದ್ದು ಸಾಕು, ಆ ತಿರುವಿನಲ್ಲಿ ಕತ್ತಲಲ್ಲಿ ಮತ್ತೆ ಹೋಗಬೇಡ ಅಂತ ಮಗಳು ಫೋನಿನಲ್ಲಿ ಅತ್ತಳು. ಒಡೆಟ್ ಎರಡನೇ ಸುತ್ತಿಗೂ ಹೋದಳು. ಬಸ್ಸು ಆಮೆಯ ಹಾಗೆ ತೆವಳಿತು. ಹಿಂದಿನಿಂದ ಒಬ್ಬ, "ಬೇಕಂತಲೇ ನಿಧಾನ ಮಾಡ್ತಿದಾಳೆ, ಬಾಗಿಲು ಮುಚ್ಚಿಸ್ತಾಳೆ ಇವಳು!" ಅಂತ ಕೂಗಿದ. ಬೇರೆ ಯಾರೋ, "ಸುಮ್ನಿರೋ, ಹೊರಗೆ ನೋಡು," ಅಂದರು. ಮುಚ್ಚುವುದಕ್ಕೆ ಕೆಲವೇ ನಿಮಿಷ ಉಳಿದಿದ್ದಾಗ ಬಸ್ಸು ಠಾಣೆಯ ಮುಂದೆ ನಿಂತಿತು. ಜನ ಓಡಿದರು. ಸಾಲಿನಲ್ಲಿ ನಿಂತವರಿಗೆಲ್ಲ ಮತ ಹಾಕಲು ಬಿಡಲೇಬೇಕು ಎಂದು ಒಳಗಿನಿಂದ ಯಾರೋ ಕೂಗಿ ಹೇಳಿದ್ದು ಕೇಳಿ ಅವಳು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟಳು.

ತಲೆಯೆತ್ತಿದಾಗ ಸಾಲಿನ ಕಟ್ಟಕಡೆಯಲ್ಲಿ ಅರ್ಮಾಂಡ್ ಕಂಡ. ಪೈಪು ಮುಗಿಸಿ ನೇರ ಬಂದಿದ್ದ. ತೊಡೆಯವರೆಗೆ ಕೆಸರು, ಪ್ಯಾಂಟು ಹಪ್ಪಳದಂತೆ ಸೆಟೆದುಕೊಂಡಿತ್ತು. ಬಸ್ಸಿನ ದೀಪದ ಬೆಳಕು ಅವನ ಮುಖದ ಮೇಲೆ ಬಿತ್ತು. ಅವನು ತಿರುಗಿ ನೋಡಲಿಲ್ಲ.

ಮಂಡಳಿ ಮುಚ್ಚಬೇಕು ಅನ್ನುವವರು ಗೆದ್ದರು. ಹನ್ನೊಂದು ಮತದ ಅಂತರ. ಎರಡು ಸಲ ಎಣಿಸಿದರು, ಅಷ್ಟೇ ಬಂತು.

ಠಾಣೆಯೊಳಗೆ ಮೊದಲು ಯಾರಿಗೂ ನಂಬಿಕೆಯಾಗಲಿಲ್ಲ. ಒಡೆಟ್ ಸೋಲಿಗೆ ಸಿದ್ಧಳಾಗಿದ್ದಳು. ಏನು ಹೇಳಬೇಕು ಅಂತ ಬಸ್ಸಿನಲ್ಲೇ ಯೋಚಿಸಿಟ್ಟಿದ್ದಳು. ಈಗ ಆ ಮಾತುಗಳಿಗೆ ಕೆಲಸವೇ ಇರಲಿಲ್ಲ. ಆಚೆ ದಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೆಕ್ಕ ಹಾಕಿ ನೋಡಿದರೆ, ಬಸ್ಸಿನಲ್ಲಿ ಕೂತು ಬಂದವರಲ್ಲೇ ಹತ್ತಾರು ಜನ, ಎಲ್ಲರ ಜೊತೆ ಸೇರಿ ಬೈದು, ಒಳಗೆ ಪರದೆ ಎಳೆದುಕೊಂಡು ಬೇರೆಯೇ ಗುರುತು ಹಾಕಿದ್ದರು. ಯಾರು? ಅದು ಯಾರಿಗೂ ಯಾವತ್ತೂ ಗೊತ್ತಾಗಲಿಲ್ಲ. ಸ್ವಂತ ಮನೆಯಿದ್ದವರ ಮೇಲೆ ಬಾಡಿಗೆಯವರಿಗೆ ಅನುಮಾನ. ಅವರಿಗೆ ಇವರ ಮೇಲೆ. ಹೊರಡುವಾಗ ಬಸ್ಸಿನಲ್ಲಿ ಯಾರೂ ಪಕ್ಕಪಕ್ಕ ಕೂರಲಿಲ್ಲ. ಬೈಗುಳ ಕೇಳುತ್ತ ಬಂದ ದಾರಿಗಿಂತ ಈ ಮೌನದ ದಾರಿ ಒಡೆಟ್‌ಗೆ ಕಠಿಣವಾಯಿತು.

ಅದಕ್ಕೂ ಮೊದಲು ಠಾಣೆಯಲ್ಲಿ ಟ್ರಾಸ್ಕ್ ಎರಡೂ ಕೈ ಚಾಚಿ ಬಂದಿದ್ದ. "ನೋಡಿದ್ಯಾ, ನಾನು ಹೇಳಿರಲಿಲ್ವಾ?" ಅಂದಿದ್ದ. ಅವಳು ಕೈಗವಸು ಹಾಕಿಕೊಳ್ಳುತ್ತ ಅವನನ್ನು ದಾಟಿ ಹೋಗಿದ್ದಳು.

ಆ ವರ್ಷದ ಕೊನೆಯ ದಿನ ಊರ ಮಂಡಳಿ ಮುಚ್ಚಿತು. ಒಡೆಟ್ ಕಚೇರಿಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಟೌನಿನವರಿಗೆ ಕೊಟ್ಟಳು. ಊರಿಗಿದ್ದ ಪೊಲೀಸಿನವರು ಹುದ್ದೆ ಕಳೆದುಕೊಂಡು ಹೋದರು. ಟೌನಿನ ಲಾರಿ ಗಡಿಯಲ್ಲಿ ಹಲಗೆ ಎತ್ತದೆ ಊರೊಳಗೆ ಬಂತು. ಅರ್ಮಾಂಡನನ್ನು ಟೌನಿನವರು ತೆಗೆದುಕೊಂಡರು, ಮೇಸ್ತ್ರಿಯಾಗಿ ಅಲ್ಲ, ಕಾಸ್‌ಗ್ರೋವನ ಕೈಕೆಳಗಿನ ಕೆಲಸಗಾರನಾಗಿ. ಪಿಂಚಣಿ ಹತ್ತಿರವಿತ್ತು; ಅವನು ಹಲ್ಲು ಕಚ್ಚಿ ಒಪ್ಪಿಕೊಂಡ.

ಮುಂದಿನ ಕಂದಾಯದಲ್ಲಿ ಮನೆ ಮನೆಗೂ ಕಾಲುಭಾಗದಷ್ಟು ಇಳಿಯಿತು. ಅಂಗಡಿಯಲ್ಲಿ ಒಬ್ಬಿಬ್ಬರು ಒಡೆಟ್‌ಗೆ ತಲೆ ಬಾಗಿಸಿದರು. ಒಂದು ಬೆಳಗ್ಗೆ ಬರ್ನಿಸ್ ಅವಳ ಬಾಗಿಲು ತಟ್ಟಿದಳು.

"ಟ್ರಾಸ್ಕನ ಕಂದಾಯ ಇಳೀತಂತೆ. ನನ್ನ ಬಾಡಿಗೆ ಯಾಕೆ ಇಳೀಲಿಲ್ಲ ಮೇಯರಮ್ಮ?"

ಒಡೆಟ್ ಬಾಗಿಲು ಹಿಡಿದು ನಿಂತಳು. ಸಭೆ ಸಭೆಯಲ್ಲೂ ಇಳಿಯುತ್ತೆ ಇಳಿಯುತ್ತೆ ಅಂದಿದ್ದಳು. ಯಾರಿಗೆ ಇಳಿಯುತ್ತೆ ಅಂತ ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. "ನಾನೀಗ ಮೇಯರ್ ಅಲ್ಲ, ಬರ್ನಿಸ್."

"ಇನ್ನೂ ಒಳ್ಳೇದಾಯ್ತು, ಪುರುಸೊತ್ತಿರುತ್ತೆ. ಕೋಟು ಹಾಕ್ಕೋ, ನಡಿ."

ಇಬ್ಬರೂ ಟ್ರಾಸ್ಕನ ಕಚೇರಿಗೆ ಹೋಗಿ ಕೂತರು. ಅವನು ರಿಪೇರಿ ಖರ್ಚು ಅಂದ, ವಿಮೆ ಅಂದ, ಮಾರುಕಟ್ಟೆ ಅಂದ.

"ಇದೇ ಬಾಯಲ್ಲಿ ತಾನೇ ಎಲ್ಲರಿಗೂ ಒಳ್ಳೇದಾಗುತ್ತೆ ಅಂತ ಕರಪತ್ರ ಹಂಚಿಸಿದ್ದು?" ಕೇಳಿದಳು ಒಡೆಟ್. "ಅದರ ಕೆಳಗೆ ನನ್ನ ಹೆಸರೂ ಇತ್ತು, ವಾರೆನ್."

"ಹಾಗಾದ್ರೆ ನಿನ್ನ ಹೆಸರಿಂದ ನೀನೇ ಬಾಡಿಗೆ ಇಳಿಸು," ಅಂದ ಅವನು.

ಅವಳು ಬಿಡಲಿಲ್ಲ. ಮುಂದಿನ ವಾರ ಮತ್ತೆ ಹೋದಳು, ಆಚೆ ದಡದ ಇನ್ನಷ್ಟು ಬಾಡಿಗೆದಾರರನ್ನು ಕರೆದುಕೊಂಡು. ಅದರ ಮುಂದಿನ ವಾರವೂ. ಬಾಡಿಗೆ ಇಳಿಯಲಿಲ್ಲ. ಆದರೆ ಪ್ರತಿ ವರ್ಷ ತಪ್ಪದೆ ಏರಿಸುತ್ತಿದ್ದವನು ಆ ವರ್ಷ ಏರಿಸಲಿಲ್ಲ. "ಇಷ್ಟಕ್ಕಾ ಊರು ಮುಚ್ಚಿದ್ದು?" ಅಂದಳು ಬರ್ನಿಸ್.

ಹಿಮ ಕರಗುವ ಹೊತ್ತಿನಲ್ಲಿ, ಒಂದು ಭಾನುವಾರ, ಅರ್ಮಾಂಡ್ ಅವಳ ಮನೆಗೆ ಬಂದ. ಟೌನಿನ ಹೊಸ ಕೋಟು ಮೈಮೇಲಿತ್ತು, ತೋಳು ಗಿಡ್ಡ. ಅಡಿಗೆಮನೆಯಲ್ಲಿ ನಿಂತೇ ಮಾತಾಡಿದ.

"ನಾನು ಬೇಡ ಅಂತಲೇ ಮತ ಹಾಕಿದ್ದು. ಗೊತ್ತಿರಲಿ."

"ಗೊತ್ತು."

"ಕಾಸ್‌ಗ್ರೋವ್ ನನ್ನ ಹತ್ರ ಕಸ ಹೊರಿಸ್ತಾನೆ. ಬೆಳಗ್ಗೆ ಎದ್ದು ಅವನ ಮುಖ ನೋಡೋದು ನಿನ್ನಿಂದ ನಂಗೆ ಬಂದ ಪಾಡು."

"ಹ್ಞೂಂ."

"ಕ್ಷಮಿಸಿದೀನಿ ಅಂದ್ಕೋಬೇಡ."

"ಅಂದ್ಕೊಂಡಿಲ್ಲ."

ಅವನು ಒಲೆಯ ಕಡೆ ನೋಡಿದ. ಮಾಂಸ, ಲವಂಗ ಹಾಕಿದ ಕಡುಬು ಬೇಯುತ್ತಿದ್ದ ವಾಸನೆ ಮನೆ ತುಂಬಿತ್ತು.

"ಆ ತಿರುವಲ್ಲಿ ಬಸ್ಸು ತಿರುಗಿತ್ತಂತೆ," ಅಂದ. "ಬರ್ನಿಸ್ ಹೇಳಿದ್ಲು. ಬ್ರೇಕು ಒತ್ತಲಿಲ್ವಂತೆ ನೀನು."

"ಒತ್ತಲಿಲ್ಲ."

"ಒತ್ತಿದ್ರೆ ಹೋಗ್ತಿದ್ರಿ ಎಲ್ಲ." ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅವನು ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳಿಸಿ, ಒಡೆಟ್ ಹಿಂದಿರುಗಿ ನೋಡದೆ, ಕಪಾಟಿನಿಂದ ಇನ್ನೊಂದು ತಟ್ಟೆ ತೆಗೆದಳು.